ಕೊಳೆನೀರಿನ ಹೆಪ್ಪು

ನನ್ನ ಮೊಮ್ಮಗಳು ಊರ ಕಕ್ಕಸ್ಸಿನ ನೀರಿಗೆ ಇಂಜಿನಿಯರು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ತೊಳೆಸುತ್ತದೆ. ಜೊತೆಗೆ ಸಂತೋಷಕ್ಕೆ ಕೂತಲ್ಲಿ ಕೂರಲೂ ಆಗುತ್ತಿಲ್ಲ. ಎರಡೂ ಒಟ್ಟಿಗೆ ಹೇಗೆ ಎಂದರೆ, ಚೊಚ್ಚಲ ಬಸುರಿನಲ್ಲಿ ಇತ್ತಲ್ಲ, ಹಾಗೆ. ಒಂದು ಕಡೆ ಓಕರಿಕೆ, ಇನ್ನೊಂದು ಕಡೆ ಹಿಗ್ಗು.

ನಾನು ಹೆಡತಲೆಯಲ್ಲಿ ಹುಟ್ಟಿ ನಂಜನಗೂಡಿಗೆ ಸೊಸೆಯಾಗಿ ಬಂದವಳು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನನ್ನ ಮೂಗು ಎಂಥದ್ದು ಎಂದು ಬೀದಿಗೆಲ್ಲ ಗೊತ್ತು. ಹಾಲು ಒಡೆಯುವುದಕ್ಕೆ ಮುಂಚೆಯೇ ನನಗೆ ವಾಸನೆ ಬಡಿಯುತ್ತದೆ. ಮನೆ ಮುಂದಿನ ಚರಂಡಿ ಕಟ್ಟಿಕೊಂಡ ದಿನ ನನಗೆ ಅನ್ನ ಇಳಿಯುವುದಿಲ್ಲ. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಶಿವಪೂಜೆಗೆ ಕೂತಾಗ ಯಾರಾದರೂ ಬಚ್ಚಲ ಬಾಗಿಲು ತೆರೆದು ಹೋದರೋ, ಮಂತ್ರದ ನಡುವೆಯೇ ನನ್ನ ಬೈಗುಳ ಶುರು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಇಂಥ ಮಗಳು.

ಅವಳು ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟು ಆರಿಸಿಕೊಳ್ಳುವ ಕಾಲ ಬಂದಾಗ ನಮ್ಮ ಜಗಲಿ ಮದುವೆ ಮನೆಯಾಗಿತ್ತು. ಯಾವ ಬ್ರಾಂಚು ಬೇಕು ಎಂದು ಕಂಪ್ಯೂಟರಿನಲ್ಲಿ ಒತ್ತಬೇಕಂತೆ. ನನ್ನ ಸೊಸೆಯ ಅಣ್ಣ, ಅಂದರೆ ಮೊಮ್ಮಗಳ ಸೋದರಮಾವ, ಅದಕ್ಕೆಂದೇ ಬಂದು ಕೂತಿದ್ದ. ಅವನು ಮೆಕ್ಯಾನಿಕಲ್ ಓದಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು. ಮನೆಗೊಬ್ಬನೇ ಇಂಜಿನಿಯರು ಎಂದು ಎಲ್ಲ ಮದುವೆ, ನಾಮಕರಣಗಳಲ್ಲೂ ಅವನದೇ ಮಾತು.

"ಅಂಗಲ್ಲ ಕಣವ್ವಾ," ಎಂದು ನನಗೇ ಪಾಠ ಶುರು ಮಾಡಿದ. "ಬುಡ ಅನ್ನೋದು ನಾಕೇಯ. ಸಿವಿಲ್ಲು, ಮೆಕ್ಯಾನಿಕಲ್ಲು, ಎಲೆಕ್ಟ್ರಿಕಲ್ಲು, ಕೆಮಿಕಲ್ಲು. ಮಿಕ್ಕವೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳು."

"ಮೊಬೈಲು, ಕಂಪ್ಯೂಟರು?"

"ಅವು ಎಲೆಕ್ಟ್ರಿಕಲ್ಲಿನ ಹೊಟ್ಟೇಲಿ ಹುಟ್ಟಿದ್ದು. ಮೊದ್ಲು ಎಲೆಕ್ಟ್ರಾನಿಕ್ಸು ಹುಟ್ತು, ಆಮೇಲೆ ಕಂಪ್ಯೂಟರು. ಈಗ ಮಗಾನೇ ಅಪ್ಪನ್ನ ಮೀರ್ಸವ್ನೆ. ನಮ್ಮ ಮೆಕ್ಯಾನಿಕಲ್ ಒಳಗೆ ಕಾರು ಬಸ್ಸಿಂದು ಬೇರೆ, ವಿಮಾನದ್ದು ಬೇರೆ, ಫ್ಯಾಕ್ಟ್ರೀಲಿ ಮಾಲು ಮಾಡೋದು ಬೇರೆ. ಕೆಮಿಕಲ್ಲು ಅಂದ್ರೆ ಔಷಧಿ, ಗೊಬ್ಬರ, ಪೇಂಟು, ಪೆಟ್ರೋಲು. ಸಿವಿಲ್ಲು ಅಂದ್ರೆ..."

"ಮನೆ ಕಟ್ಟೋದು. ಅಷ್ಟು ನಂಗೊತ್ತು."

"ಮನೆ ಒಂದೇ ಅಲ್ಲ ಅಜ್ಜಿ," ಎಂದು ಮೊಮ್ಮಗಳು ಬಾಯಿ ಹಾಕಿದಳು. "ಕಂಬ, ತೊಲೆ ಎಷ್ಟು ಭಾರ ತಡೀತವೆ ಅಂತ ಲೆಕ್ಕ ಹಾಕೋರು ಬೇರೆ. ಅದರ ಕೆಳಗಿನ ಮಣ್ಣು ನೋಡೋರು ಬೇರೆ. ರಸ್ತೆಗೆ ಬೇರೆ, ಕಾಲುವೆ ಅಣೆಕಟ್ಟಿಗೆ ಬೇರೆ. ಕುಡಿಯೋ ನೀರು ಕೊಡೋದು, ಕೊಳೆನೀರು ತಗೊಂಡು ಹೋಗಿ ಶುದ್ಧ ಮಾಡೋದು, ಅದೊಂದು."

"ಕೊನೇದು ಬುಡು," ಎಂದ ಸೋದರಮಾವ, ನೊಣ ಓಡಿಸುವ ಹಾಗೆ ಕೈ ಬೀಸಿ. "ಕಂಪ್ಯೂಟರ್ ಸೈನ್ಸೇ ಮೇಲು. ಸಿಗದೆ ಓದ್ರೆ ಎಲೆಕ್ಟ್ರಾನಿಕ್ಸು. ಅದೂ ಸಿಗದಿದ್ರೆ ನಮ್ಮಂಗೆ ಮೆಕ್ಯಾನಿಕಲ್ಲು. ಸಿವಿಲ್ಲು ಗಂಡುಡುಗ್ರಿಗೆ. ಅದ್ರಲ್ಲೂ ಆ ಗಲೀಜು ನೀರಿಂದು ಯಾರೂ ತಗೊಳಲ್ಲ."

ಅವನು ಹೀಗೆ ಒಂದೊಂದನ್ನೇ ಮೆಟ್ಟಿಲ ಮೇಲೆ ಕೂರಿಸುತ್ತ ಹೋದ ಹಾಗೆ ನನಗೆ ಎಲ್ಲೋ ಕೇಳಿದ ಮಾತು ಎನ್ನಿಸಿತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ನೀರಿನ ಚೊಂಬು ಮುಟ್ಟುವ ಮುಂಚೆ ಬಂದವರು ಯಾವ ಪೈಕಿ, ಅದರೊಳಗೆ ಯಾವ ಒಳಪಂಗಡ ಎಂದು ಹಜಾರದಲ್ಲಿ ಕೇಳುತ್ತಿದ್ದರಲ್ಲ, ಅದೇ ದನಿ. ಆಗ ಒಳಪಂಗಡ, ಈಗ ಒಳಬ್ರಾಂಚು. ಥೂ ಎನ್ನಿಸಿತು. ಆದರೆ ಕೊಳೆನೀರು ಎಂದ ಕೂಡಲೇ ನನ್ನ ಸೆರಗೂ ಮೂಗಿಗೆ ಹೋಗಿತ್ತು.

ಅವಳು ಸಿವಿಲ್ಲನ್ನೇ ಒತ್ತಿದಳು. ಅದು ಮುಗಿದ ಮೇಲೆ ಎಂ.ಟೆಕ್‌ಗೆ ಪರಿಸರದ ಇಂಜಿನಿಯರಿಂಗ್ ತೆಗೆದುಕೊಂಡಳು. ಪರಿಸರ ಎಂದರೆ ಗಿಡ ನೆಡುವುದು ಎಂದುಕೊಂಡು ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಕೆಲಸ ಸಿಕ್ಕಿದ ಮೇಲೆ ಗೊತ್ತಾಯಿತು. ಊರಿನ ಮನೆಮನೆಯ ಬಚ್ಚಲು, ಕಕ್ಕಸ್ಸು ಎಲ್ಲ ಹರಿದು ಬಂದು ಸೇರುವ ಘಟಕ ಅವಳ ಆಫೀಸು.

ಮೊದಲ ದಿನ ಕೆಲಸ ಮುಗಿಸಿ ಬಂದವಳನ್ನು ನಾನು ಹೊಸ್ತಿಲು ದಾಟಿಸಲಿಲ್ಲ. ಹಿತ್ತಲಿಂದ ಬಾ ಎಂದೆ. ಅವಳ ಬೂಟನ್ನು ಕೋಲಿನಲ್ಲಿ ಎತ್ತಿ ತೆಂಗಿನ ಬುಡಕ್ಕೆ ಇಟ್ಟೆ. ಹಂಡೆಯ ನೀರಿಗೆ ಬೇವಿನ ಸೊಪ್ಪು ಹಾಕಿ, ತಲೆಗೆ ಸೀಗೆಪುಡಿ ತಿಕ್ಕಿ ತಿಕ್ಕಿ ತೊಳೆದೆ. ಅವಳು ನಗುತ್ತಲೇ ಇದ್ದಳು.

"ಅಜ್ಜಿ, ನಾನೇನು ಅದರೊಳಗೆ ಮುಳುಗಿ ಬಂದಿಲ್ಲ. ನಾನು ನೋಡ್ಕೊಳೋದು ಹುಳಗಳನ್ನ."

"ಏನಂದೆ?"

"ಕಣ್ಣಿಗೆ ಕಾಣದ ಹುಳ. ದೊಡ್ಡ ತೊಟ್ಟೀಲಿ ಅವಕ್ಕೆ ಗಾಳಿ ಊದ್ತೀವಿ. ಅವು ಕೊಳೆ ತಿಂದು ಬೆಳೀತವೆ, ನೀರು ತಿಳಿಯಾಗುತ್ತೆ. ಹೊಸ ತೊಟ್ಟಿ ಕಟ್ಟಿದ್ರೆ ಹಳೇ ತೊಟ್ಟಿಯಿಂದ ಒಂದಿಷ್ಟು ಕೆಸರು ತಂದು ಸುರೀಬೇಕು. ನೀನು ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೇನೆ."

ಆ ಒಂದು ಮಾತಿಗೆ ನಾನು ಮೊಸರು ಮುಟ್ಟುವುದನ್ನೂ ಹೆಪ್ಪು ಹಾಕುವುದನ್ನೂ ಬಿಟ್ಟೆ. ಕುಡಿಕೆಯ ಮುಚ್ಚಳ ತೆಗೆದರೆ ಸಾಕು, ಅವಳ ತೊಟ್ಟಿ ಕಣ್ಣ ಮುಂದೆ ಬರುತ್ತಿತ್ತು. "ಬೇರೆ ಕೆಲಸ ನೋಡೇ, ಮನೆ ಪ್ಲಾನು ಬರಿ, ರಸ್ತೆ ಮಾಡ್ಸು," ಎಂದು ಬೆಳಿಗ್ಗೆ ಬುತ್ತಿ ಕಟ್ಟುವಾಗ ಒಂದು ಸಲ, ಸಂಜೆ ಬಿಸಿನೀರು ಕೊಡುವಾಗ ಒಂದು ಸಲ ಹೇಳುತ್ತಿದ್ದೆ. ಮನೆಯಲ್ಲಿ ಅವಳ ಕೆಲಸಕ್ಕೆ ಅತಿ ದೊಡ್ಡ ವಿರೋಧಿ ಯಾರೆಂದರೆ ನಾನೇ.

ಹೀಗಿರುವಾಗ ಸೋದರಮಾವ ಗಂಡು ತಂದ. ತಿ. ನರಸೀಪುರದ ಕಡೆಯವರು, ನಮ್ಮವರೇ, ಅಕ್ಕಿ ಗಿರಣಿ ಇದ್ದವರು. ಹುಡುಗ ಎಲೆಕ್ಟ್ರಿಕಲ್ ಓದಿ ಮನೆಗಳ ಮೇಲೆ ಸೋಲಾರ್ ಹಾಕಿಸುವ ಕೆಲಸ ಮಾಡುತ್ತಿದ್ದ. ಅವರು ನಮ್ಮ ಮನೆಗೆ ಬಂದು ಹುಡುಗಿ ನೋಡಿದರು, ಒಪ್ಪಿದರು. "ಉಡುಗಿ ಸಿವಿಲ್ ಇಂಜಿನಿಯರು" ಎಂದಷ್ಟೇ ಸೋದರಮಾವ ಹೇಳಿದ್ದ. ಒಳಬ್ರಾಂಚು ಹೇಳಿರಲಿಲ್ಲ. ನಮಗೂ ಹೇಳಬೇಡಿ ಎಂದು ಕಣ್ಸನ್ನೆ ಮಾಡಿದ್ದ.

ಆಮೇಲೆ ನಾವು ಅವರ ಮನೆ ನೋಡಲು ಹೋಗಬೇಕಿತ್ತು. ನಮ್ಮಲ್ಲಿ ಮನೆ ನೋಡಲು ಹಿರಿಯರು ಮಾತ್ರ ಹೋಗುವುದು, ಹುಡುಗಿಯನ್ನು ಕರೆದುಕೊಂಡು ಹೋಗುವುದಿಲ್ಲ. ಆದರೆ ಗಂಡಿನ ತಂದೆಯೇ ಫೋನು ಮಾಡಿದರು. ಮೇಲೆ ಮಹಡಿ ಹಾಕುವವರಿದ್ದರಂತೆ. "ಸಿವಿಲ್ ಇಂಜಿನಿಯರು ಮನೆಗೇ ಬತ್ತಾವ್ರೆ ಅಂದ್ಮೇಲೆ ನಾವ್ಯಾಕೆ ಬೇರೆಯೋರ ತಾವ ಓಗಾದು? ಉಡುಗೀನೂ ಬರ್ಲಿ. ಅವಳು ಬಾಳೋ ಮನೆ, ಪ್ಲಾನು ಅವಳೇ ನೋಡ್ಲಿ." ಸೋದರಮಾವನ ಮುಖ ಸಣ್ಣಗಾಯಿತು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಒಂದು ಭಾನುವಾರ ಕಾರಿನಲ್ಲಿ ಹೊರಟೆವು. ನಾನು, ಮಗ, ಸೊಸೆ, ಸೋದರಮಾವ, ಮೊಮ್ಮಗಳು. ದಾರಿಯುದ್ದಕ್ಕೂ ಸೋದರಮಾವ ಅವಳಿಗೆ ಹೇಳಿಕೊಡುತ್ತಿದ್ದ. "ಪ್ಲಾನು ಕೊಟ್ರೆ ಊಂ ಊಂ ಅನ್ನು. ದೇವರ ಮನೆ ಈಶಾನ್ಯಕ್ಕೆ ಬರ್ಲಿ ಅನ್ನು. ಸಾಕು."

"ಮಾವ, ಅದು ವಾಸ್ತುನೋರು ಹೇಳೋದು. ನಾನು ಹೇಳೋದಲ್ಲ."

"ಯಾರು ಏಳಿದ್ರೇನು, ಮದ್ವೆ ಆಗದು ಮುಖ್ಯ ಅಲ್ವೇನಮ್ಮಾ."

ಮನೆ ಏನು ಮನೆ! ಗ್ರಾನೈಟ್ ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ಗಂಡಿನ ತಾಯಿ ಬೆಳ್ಳಿ ಲೋಟದಲ್ಲಿ ನೀರು ತಂದರು. ಆಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ನೀರು ಬಾಯಿಗಿಡುವಾಗ ಏನೋ ಒಂದು ಸಣ್ಣ ವಾಸನೆ ನನ್ನ ಮೂಗಿಗೆ ಬಂತು. ಲೋಟ ಸರಿಯಾಗಿ ಬೆಳಗಿಲ್ಲ ಎಂದುಕೊಂಡೆ. ಬೀಗರ ಮನೆ, ಮುಖ ಸಿಂಡರಿಸಬಾರದು ಎಂದು ಪೂರ್ತಿ ಕುಡಿದೆ. ಕಾಫಿಯನ್ನೂ ಎರಡು ಸಲ ಹಾಕಿಸಿಕೊಂಡೆ.

"ನೀರು ಎಂಗದೆ ಅಮ್ಮಾ?" ಎಂದರು ಗಂಡಿನ ತಂದೆ, ನಾನು ಲೋಟ ಇಡುತ್ತಲೇ. "ನಮ್ಮದೇ ಬೋರು. ಒಳೆ ಪಕ್ಕದಲ್ಲೇ ಅದೆ, ಆದ್ರೂ ನಾವು ನಲ್ಲಿ ನೀರು ಮುಟ್ಟಾಕಿಲ್ಲ. ಫಿಲ್ಟ್ರೂ ಇಲ್ಲ ಏನಿಲ್ಲ, ಎಳನೀರಿದ್ದಂಗೆ."

ಆಮೇಲೆ ಪ್ಲಾನು ಹಾಸಿದರು. ಮೊಮ್ಮಗಳು ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ಬೆರಳು ಹಿಂದಿನ ಮೂಲೆಗೆ ಹೋಗಿ ನಿಂತಿತು.

"ಅಂಕಲ್, ಪಿಟ್ ಎಲ್ಲೂ ತೋರ್ಸಿಲ್ವಲ್ಲ. ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತೆ?"

ಸೋದರಮಾವ ಕೆಮ್ಮಿದ. ಗಂಡಿನ ತಂದೆಗೆ ಮಾತ್ರ ಆ ಪ್ರಶ್ನೆ ಬಹಳ ಹಿಡಿಸಿತು.

"ಅದೇ ನೋಡಿ ಜಾಣತನ! ಮೊದ್ಲು ಪಿಟ್ ಇತ್ತು. ವರ್ಷ ವರ್ಷ ತುಂಬೋದು, ಟ್ಯಾಂಕರ್ ಕರೆಸ್ಬೇಕು, ನಾತ. ಹಿತ್ತಲಲ್ಲಿ ಒಂದು ಬೋರು ಫೇಲಾಗಿತ್ತು, ಸುಮ್ನೆ ಬಿದ್ದಿತ್ತು. ಪೈಪು ಅದಕ್ಕೇ ಬುಟ್ಟುಬುಟ್ಟೆ. ಅವತ್ತಿಂದ ತುಂಬೋ ಮಾತೇ ಇಲ್ಲ. ಎಷ್ಟು ಕೊಟ್ರೂ ಕುಡೀತದೆ ಭೂಮ್ತಾಯಿ!"

"ಹೊಸ ಬೋರ್?" ಎಂದಳು ಅವಳು. ದನಿ ತಣ್ಣಗಿತ್ತು.

"ಮುಂದುಗಡೆ. ನೀವು ಕಾರು ನಿಲ್ಲಿಸಿದ್ರಲ್ಲ, ಅಲ್ಲೇ ಪಕ್ಕದಲ್ಲಿ."

ನಾಲ್ಕನೇ ಕ್ಲಾಸು ಓದಿದವಳಿಗೂ ಆ ಲೆಕ್ಕ ಬರುತ್ತದೆ. ಹಿತ್ತಲ ತೂತಿನಲ್ಲಿ ಇಳಿದದ್ದು, ಮುಂದಿನ ತೂತಿನಲ್ಲಿ ಏರಿ, ಬೆಳ್ಳಿ ಲೋಟದಲ್ಲಿ ಕೂತು ನನ್ನ ಹೊಟ್ಟೆಗೆ ಬಂದಿತ್ತು. ಎರಡು ಲೋಟ ಕಾಫಿಯ ಜೊತೆ. ನನ್ನ ನಾಲಿಗೆ ಬಾಯೊಳಗೇ ಜಾಗ ಬಿಟ್ಟು ಹಿಂದೆ ಸರಿಯಿತು. ಎದುರಿಗೆ ದೇವರ ಗೂಡಿನಲ್ಲಿ ಪೂಜೆಯ ನೀರು ತುಂಬಿದ ತಂಬಿಗೆ ಕಂಡಿತು. ಅದೂ ಅದೇ ನೀರು. ಅಯ್ಯೋ ಶಿವನೇ, ನಿನಗೂ ಬಿಡಲಿಲ್ಲವಲ್ಲ ಇವರು ಎನ್ನಿಸಿ ಕಣ್ಣಲ್ಲಿ ನೀರು ಬಂತು.

"ಅಂಕಲ್, ಆ ಪೈಪು ಇವತ್ತೇ ತೆಗೆಸ್ಬೇಕು," ಎಂದಳು ಮೊಮ್ಮಗಳು. "ಬೋರ್ ಒಳಗೆ ಬಿಟ್ಟಿದ್ದು ಮಣ್ಣಲ್ಲಿ ಸೋಸಿಕೊಳ್ಳಲ್ಲ, ನೇರವಾಗಿ ಅಂತರ್ಜಲಕ್ಕೇ ಹೋಗುತ್ತೆ. ನಿಮ್ಮದೊಂದೇ ಅಲ್ಲ, ಅಕ್ಕಪಕ್ಕದ ಬೋರ್‌ಗಳಿಗೂ. ನೀರು ಪರೀಕ್ಷೆ ಮಾಡಿಸೋ ತನಕ ಕುಡೀಬೇಡಿ. ಹಳೇ ಪಿಟ್ ಸರಿ ಮಾಡ್ಸಿ, ಆ ಬೋರನ್ನ ಸಿಮೆಂಟ್ ಹಾಕಿ ಮುಚ್ಚಿಸಿ. ಹೇಗೆ ಅಂತ ನಾನು ಬರ್ಕೊಡ್ತೀನಿ. ನನ್ನ ಕೆಲಸಾನೇ ಅದು."

"ಯಾವುದು ನಿನ್ ಕೆಲ್ಸ?" ಎಂದರು ಗಂಡಿನ ತಾಯಿ.

"ನಾನು ಕಟ್ಟಡದೋಳಲ್ಲ ಆಂಟಿ. ಕೊಳೆನೀರು ಶುದ್ಧ ಮಾಡೋದು."

"ಅಂಗಂದ್ರೆ... ಕಕ್ಕಸ್ಸಿಂದಾ?"

"ಅದೂ ಸೇರಿ."

ಆ ತಾಯಿ ಏನು ಮಾಡಿದರು ಗೊತ್ತೇ? ಮೊಮ್ಮಗಳ ಮುಂದಿದ್ದ ತಟ್ಟೆಯನ್ನು, ಇನ್ನೂ ಅರ್ಧ ಕೇಸರಿಬಾತು ಇದ್ದ ತಟ್ಟೆಯನ್ನು, ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿ, ಒಳಗೆ ಹೋಗಿ ಬೇರೆಯಾಗಿ ಇಟ್ಟು ಬಂದರು. ಬಚ್ಚಲ ಪಕ್ಕ ಇಟ್ಟದ್ದು ನನಗೆ ಬಾಗಿಲಿಂದಲೇ ಕಂಡಿತು. ನಾನು ಅವಳ ಬೂಟನ್ನು ಕೋಲಿನಲ್ಲಿ ಎತ್ತಿದವಳೇ, ಸರಿ. ಆದರೆ ಅವಳು ಉಂಡ ತಟ್ಟೆಯನ್ನು ಹಾಗೆ ಎತ್ತಿದ್ದು ನೋಡಿ ನನಗೆ ಆದ ಅಸಹ್ಯ, ಆ ನೀರು ಕುಡಿದದ್ದಕ್ಕೂ ಆಗಿರಲಿಲ್ಲ.

ಹುಡುಗ ಅಷ್ಟು ಹೊತ್ತೂ ಫೋನು ನೋಡುತ್ತಿದ್ದ. ಒಮ್ಮೆ ತಲೆಯೆತ್ತಿ, "ಅವರು ಹೇಳೋದು ಸರಿ ಇರ್ಬೋದು ಅಪ್ಪ," ಎಂದ. ತಂದೆ ನೋಡಿದ ಒಂದು ನೋಟಕ್ಕೆ ಮತ್ತೆ ಫೋನಿಗೆ ಇಳಿದ.

ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಕಾರು ನಿಲ್ಲಿಸು ಎಂದೆ. ರಸ್ತೆ ಪಕ್ಕದ ಹುಣಸೆ ಮರದ ಕೆಳಗೆ ನಾನು ವಾಂತಿ ಮಾಡುವಾಗ ಮೊಮ್ಮಗಳು ನನ್ನ ಹಣೆ ಹಿಡಿದು ನಿಂತಿದ್ದಳು. ಸೊಸೆ ದೂರ ನಿಂತು ಮೂಗು ಮುಚ್ಚಿಕೊಂಡಿದ್ದಳು, ಮಗ ಕಾರಿನಿಂದ ಇಳಿಯಲೇ ಇಲ್ಲ. ಇವಳು ಮಾತ್ರ ಸೆರಗಿನಿಂದ ನನ್ನ ಬಾಯಿ ಒರೆಸಿ, "ಇನ್ನೂ ಬರುತ್ತಾ ಅಜ್ಜಿ? ಪೂರ್ತಿ ಕಕ್ಕಿಬಿಡು," ಎಂದಳು. ಗಲೀಜಿನ ಮುಂದೆ ಮುಖ ತಿರುಗಿಸದ ಒಬ್ಬರು ಮನೆಯಲ್ಲಿರಬೇಕು ಎಂದು ನನಗೆ ಅಲ್ಲಿ, ಹುಣಸೆ ಬುಡದಲ್ಲಿ ಬಗ್ಗಿಕೊಂಡು ಹೊಳೆಯಿತು.

ನಾಲ್ಕು ದಿನ ಬಿಟ್ಟು ಸೋದರಮಾವ ಆ ಮನೆಯವರು ಹೇಳಿಕಳಿಸಿದ ಮಾತು ಹೊತ್ತು ತಂದ. ಗಂಡಿನವರಿಗೆ ಹುಡುಗಿ ಒಪ್ಪಿಗೆಯೇ. ಆದರೆ ಮದುವೆಗೆ ಮುಂಚೆ ಆ ಕೆಲಸ ಬಿಡಬೇಕು.

"ಬ್ರಾಂಚು ಬದಲಾಯ್ಸ್ಕೊಂಡ್ರೆ ಆಯ್ತು ಅಂತವ್ರೆ," ಎಂದ, ಬಸ್ಸಿನಲ್ಲಿ ಸೀಟು ಬದಲಾಯಿಸಿದ ಹಾಗೆ. "ಮನೆ ಕಟ್ಸೋ ಕಡೆ ಓಗ್ಲಿ, ಇಲ್ಲ ಮನೇಲಿರ್ಲಿ. ಇಂತಾ ಸಂಬಂಧ ಮತ್ತೆ ಸಿಗಾಕಿಲ್ಲ ಕಣವ್ವಾ. ನೀನೇ ಒಂದ್ ಮಾತು ಏಳು. ನೀನು ಏಳಿದ್ರೆ ಕೇಳ್ತಾಳೆ."

ಎಲ್ಲರೂ ನನ್ನ ಕಡೆ ನೋಡಿದರು. ಮಗ, ಸೊಸೆ ಇಬ್ಬರಿಗೂ ಸಂಬಂಧ ಕೈಬಿಡುವ ಮನಸ್ಸಿರಲಿಲ್ಲ. ಮೊಮ್ಮಗಳೂ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಿಡು ಬಿಡು ಎಂದ ಅಜ್ಜಿ ಈಗ ಏನು ಹೇಳುತ್ತಾಳೆ ಎಂದು ಅವಳಿಗೆ ಗೊತ್ತೇ ಇತ್ತಲ್ಲ.

"ಹಿತ್ತಲ ತೂತು ಮುಚ್ಚಿದ್ರೇನೋ?" ಎಂದೆ.

"ಯಾವ್ ತೂತು?"

"ಅದೇ, ಭೂಮ್ತಾಯಿಗೆ ಕಕ್ಕಸ್ಸು ಕುಡಿಸ್ತಾ ಅವ್ರಲ್ಲ, ಆ ತೂತು."

ಸೋದರಮಾವ ತಲೆ ಕೆರೆದುಕೊಂಡ. "ನೆಲದೊಳಗೆ ಓದದ್ದು ಯಾರ ಕಣ್ಣಿಗೆ ಕಾಣ್ತದೆ ಬುಡಿ ಅಂತವ್ರೆ."

"ಹಂಗಾರೆ ಓಗಿ ಏಳು. ನಾನು ಸಾಯೋಗಂಟ ಮೂಗು ಮುಚ್ಕೊಂಡೇ ಇರ್ತೀನಿ, ನಂಗೆ ಅವಳ ಕೆಲ್ಸ ಇವತ್ತಿಗೂ ಏಸಿಗೆಯೇ. ಆದ್ರೆ ಅವಳು ಕೊಳೆ ಹತ್ರ ಓಗಿ ನೀರು ಮಾಡ್ತಾಳೆ. ಅವರು ನೀರಿಗೆ ಕೊಳೆ ಬುಟ್ಟು ಬೆಳ್ಳಿ ಲೋಟದಲ್ಲಿ ಕೊಡ್ತಾರೆ. ನನ್ ಮೊಮ್ಮಗಳು ಬ್ರಾಂಚು ಬದಲಾಯ್ಸಾಕಿಲ್ಲ. ಮೊದ್ಲು ಅವರು ಪೈಪು ಬದಲಾಯ್ಸ್ಲಿ. ಆಮೇಲೆ ಮದ್ವೆ ಮಾತು."

"ಅವ್ವಾ, ಬೀಗ್ರಿಗೆ ಇಂಗೆಲ್ಲಾ ಏಳಕ್ಕಾಯ್ತದಾ?"

"ಇನ್ನೂ ಬೀಗ್ರು ಆಗಿಲ್ವಲ್ಲ. ಅದ್ಕೇ ಈಗ್ಲೇ ಏಳು."

ಅವರು ಪೈಪು ಬದಲಾಯಿಸಲಿಲ್ಲ. ಸಂಬಂಧ ಅಲ್ಲಿಗೆ ನಿಂತಿತು. ಆ ದಿನ ಸೊಸೆ ಮುಖ ಊದಿಸಿಕೊಂಡು ಕೂತಳು. ಮೊಮ್ಮಗಳು ಮಾತ್ರ ಅಡುಗೆ ಮನೆಗೆ ಬಂದು, ನಾನು ಅನ್ನ ಬಸಿಯುತ್ತಿದ್ದಾಗ ಹಿಂದಿನಿಂದ ತಬ್ಬಿಕೊಂಡು ಬಹಳ ಹೊತ್ತು ನಿಂತಿದ್ದಳು. "ಬೂಟು ಹಾಕ್ಕೊಂಡು ಒಳಗೆ ಬಂದಿದ್ದೀಯೇನೇ," ಎಂದು ಬೈದೆ. ಬೈಯುವಾಗ ನನಗೆ ನಗು ಬಂದು ಗಂಜಿ ಕೈಮೇಲೆ ಚೆಲ್ಲಿತು.

ಈಗ ಮೊನ್ನೆಯ ಸಂಗತಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ತಿ. ನರಸೀಪುರದ ಹೊರಗೆ ಹೊಸದಾಗಿ ಒಂದು ಕೊಳೆನೀರಿನ ಘಟಕ ಕಟ್ಟಿದ್ದಾರೆ. ಅದನ್ನು ಶುರು ಮಾಡುವ ಕೆಲಸ ಇವಳಿಗೇ ಬಂತು. ಹೊಸ ತೊಟ್ಟಿಗೆ ಹೆಪ್ಪು ಬೇಕಲ್ಲ. ನಂಜನಗೂಡಿನ ತೊಟ್ಟಿಯಿಂದ ಒಂದು ಟ್ಯಾಂಕರ್ ತುಂಬ ಆ ಕೆಸರು ಹೊರಟಿತ್ತು. ಹೊಸ ಕೆಲಸಕ್ಕೆ ಹೊರಡುವ ಗಾಡಿ, ಪೂಜೆ ಆಗದೆ ಹೇಗೆ ಓಡಿಸಲಿ ಎಂದು ಡ್ರೈವರು ಹಟ ಹಿಡಿದನಂತೆ. ಬರುತ್ತೇನೆಂದ ಅರ್ಚಕರು ಯಾವ ಗಾಡಿ ಎಂದು ಗೊತ್ತಾದ ಮೇಲೆ ಬರಲಿಲ್ಲವಂತೆ. ಇವಳು ನನಗೆ ಫೋನು ಮಾಡಿದಳು.

"ಅಜ್ಜಿ, ಒಂದು ತೆಂಗಿನಕಾಯಿ ತಗೊಂಡು ಬರ್ತೀಯಾ?"

"ಥೂ ನಿನ್ನ! ಅದಕ್ಕೆ ಪೂಜೆ ಬೇರೆ ಕೇಡು!" ಎಂದೆ. ಅಂದವಳೇ ಆಟೋ ಹತ್ತಿದೆ. ಕಾಯಿ, ನಿಂಬೆಹಣ್ಣು, ವಿಭೂತಿ, ಹೂವು, ಕರ್ಪೂರ, ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು.

ಗೇಟಿನಲ್ಲೇ ನಾತ ನನ್ನನ್ನು ಹಿಡಿದು ಅಲ್ಲಾಡಿಸಿತು. ಕಣ್ಣು ಉರಿಯಿತು. ಒಂದು ಕೈಯಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಟ್ಯಾಂಕರಿನ ಮುಂದೆ ವಿಭೂತಿ ಎಳೆದೆ. ನಿಂಬೆಹಣ್ಣನ್ನು ಚಕ್ರದ ಕೆಳಗೆ ಇಟ್ಟೆ. ಕರ್ಪೂರ ಹಚ್ಚಲು ಎರಡೂ ಕೈ ಬೇಕಾಯಿತು. ಬೇರೆ ದಾರಿಯಿಲ್ಲದೆ ಸೆರಗು ಬಿಟ್ಟೆ. ಉಸಿರು ಹಿಡಿದೆ, ಹಿಡಿದೆ, ಆಗಲಿಲ್ಲ. ಎಳೆದುಕೊಂಡೆ.

ಗೇಟಿನ ನಾತವಲ್ಲ ಅದು. ಟ್ಯಾಂಕರಿನ ಬಾಯಿಂದ ಬರುತ್ತಿದ್ದದ್ದು ನಾಟಿಗೆ ಹದ ಮಾಡಿದ ಗದ್ದೆಯ ಕೆಸರಿನ ವಾಸನೆ. ನಾನು ಹೆಡತಲೆಯ ಗದ್ದೆಯಲ್ಲಿ ಮೊಣಕಾಲವರೆಗೆ ಇಳಿಯುತ್ತಿದ್ದೆನಲ್ಲ, ಅದು.

"ಮಣ್ಣಿನ ವಾಸನೆ ಅಲ್ವಾ ಅಜ್ಜಿ?" ಎಂದಳು ಅವಳು, ನನ್ನ ಮುಖವನ್ನೇ ನೋಡುತ್ತ. "ಹಾಗಿದ್ರೆ ಹೆಪ್ಪು ಚೆನ್ನಾಗಿದೆ ಅಂತ ಲೆಕ್ಕ."

"ಏಸಿಗೇನೇ," ಎಂದೆ ನಾನು. "ಸುಮ್ನೆ ಮಂಗಳಾರತಿ ತಗೋ."

ಅವಳು ತಗೊಂಡಳು, ಡ್ರೈವರೂ ತಗೊಂಡ. ಕಾಯಿ ಒಡೆದೆ. ನಿಂಬೆಹಣ್ಣು ಚಪ್ಪಟೆಯಾಗಿ, ಗಾಡಿ ತಿ. ನರಸೀಪುರದ ಕಡೆ ತಿರುಗಿತು. ಬೂಟು ಹಾಕಿಕೊಂಡ ಅವಳು ಡ್ರೈವರ್ ಪಕ್ಕದಲ್ಲಿ ಕೂತು ಕೈ ಬೀಸಿದಳು. ಹೆಣ್ಣು ಕಳಿಸುವಾಗ ಅಳುವ ಹಾಗೆ ಅತ್ತೆ, ನಗುತ್ತಲೇ. ಮನೆಗೆ ಬಂದು ಬೇವಿನ ಸೊಪ್ಪು ಹಾಕಿ ತಲೆಗೆ ನೀರು ಹುಯ್ದುಕೊಂಡೆ. ಆಮೇಲೆ ಹಾಲು ಕಾಯಿಸಿ, ಉಗುರು ಬೆಚ್ಚಗಾದಾಗ, ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಕಿದೆ. ಮೂಗು ಮಾತ್ರ ಆ ಕಡೆ ತಿರುಗಿಸಿಕೊಂಡು.